ಗರಿ ಹೊದ್ದ ದೋಣಿಗಳು

ನಾರಾಯಣಗೂಡದ ನಮ್ಮ ಬೀದಿಯ ತಿರುವಿನಲ್ಲಿ ಬೇಸಿಗೆಯುದ್ದಕ್ಕೂ ಮಜ್ಜಿಗೆ ಹಂಚಿದ ಚಪ್ಪರವೊಂದಿದೆ. ನಿನ್ನೆ ಅದರ ಒಣ ತೆಂಗಿನ ಗರಿಗಳ ಮೇಲೆ ಮೊದಲ ಮಳೆಯ ಹನಿ ಬಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಓದುಗರೇ, ನನ್ನ ಹಳೆಯ ಸಿಟ್ಟು ಮೈಮುರಿದೆದ್ದಿತು.

ಕಡಲಿಲ್ಲದ ಈ ತೆಲುಗು ಊರಿನ ಚಿತ್ರಶಾಲೆಯೊಂದರಲ್ಲಿ ಬಂದವರಿಗೆ ಚಿತ್ರಗಳನ್ನು ವಿವರಿಸುವುದು ನನ್ನ ಕೆಲಸವಾಗಿತ್ತು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ತೈಲಚಿತ್ರವೊಂದಿತ್ತು: ನಮ್ಮ ಪಶ್ಚಿಮ ಕರಾವಳಿಯ ಬಂದರು, ಬಾಗಿದ ತೆಂಗು, ದೂರದಲ್ಲಿ ಲಂಗರು ಹಾಕಿದ ಹಡಗು, ದಡದಲ್ಲಿ ಗರಿ ಹೊದ್ದ ದಿಬ್ಬಗಳ ಸಾಲು. ‘ಪ್ರಶಾಂತ ಬಂದರು, ಬೆಸ್ತರ ಗುಡಿಸಲುಗಳು’ ಎನ್ನುತ್ತಿತ್ತು ಕೆಳಗಿನ ಫಲಕ. ನಾನು ಕುಮಟೆಯ ಕಡಲಂಚಿನಲ್ಲಿ ಬೆಳೆದವನು. ಮಳೆಗಾಲಕ್ಕೆ ಮುನ್ನ ದೋಣಿಗಳನ್ನು ಮೇಲಕ್ಕೆಳೆದು ಗರಿ ಹೊದಿಸುವುದನ್ನು ಪ್ರತಿವರ್ಷ ಕಂಡವನು. ಬಾಗಿಲೇ ಇಲ್ಲದ ಗುಡಿಸಲು ಎಲ್ಲಾದರೂ ಉಂಟೇ? ಇವು ದೋಣಿಗಳು, ಇದು ಮಳೆಗಾಳಿಗೆ ಹೆದರಿ ಮುದುಡಿದ ಬಂದರು ಎಂದು ಒಮ್ಮೆ ಪ್ರೇಕ್ಷಕರಿಗೆ ವಿವರಿಸಿದೆ.

ಹಿಂದೆ ನಿಂತಿದ್ದ ನಮ್ಮ ಮೇಲಧಿಕಾರಿ, ಕಲಬುರಗಿಯವರು, “ಅವು ಗುಡಸಲಾನೇ ಅವರಿ. ಮೀನ ತಿಂದ ಬೆಳದವರಿಗಿ ಬರೇ ದೋಣಿನೇ ಕಾಣಸ್ತಾವ ನೋಡ್ರಿ!” ಎಂದರು. ಜನ ನಕ್ಕರು. ನಕ್ಕವರಲ್ಲಿ ಹಳದಿ ಅಂಗಿಯವನೊಬ್ಬನ ಹಲ್ಲುಗಳು ನನಗೆ ಇಂದಿಗೂ ನೆನಪಿವೆ. ಮರುದಿನವೇ ನನ್ನನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸಿದರು; ನಿವೃತ್ತಿಯವರೆಗೂ ಅಲ್ಲಿಯೇ ಇದ್ದೆ.

ಈಗಿನ ಅಧಿಕಾರಿಯಿಂದಲಾದರೂ ಆ ಫಲಕವನ್ನು ತಿದ್ದಿಸಲೇಬೇಕೆಂದು ಇಂದು ಬೆಳಿಗ್ಗೆ ಹೊರಟೆ. ಚಿತ್ರದೆದುರು ಮಂಗಳೂರಿನ ಕಡೆಯ ಯುವತಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: “ಗುಡಿಸಲು ಅಲ್ಲ ಮಾರಾಯ್ತಿ, ದೋಣಿ! ಮಳೆಗಾಲಕ್ಕೆ ಮುಚ್ಚಿಟ್ಟದ್ದು.”

ನನ್ನ ಎದೆ ಉಬ್ಬಿತು. “ಸರಿಯಾಗಿ ಹೇಳಿದೆ, ತಂಗಿ” ಎಂದೆ.

ಆಕೆ ಹಡಗಿನ ಬಳಿಯ ಕಪ್ಪು ಗೀರೊಂದನ್ನು ತೋರಿಸಿದಳು. “ಹಾಗಾದ್ರೆ ಇದೊಂದು ದೋಣಿ ಯಾಕೆ ಇನ್ನೂ ನೀರಲ್ಲುಂಟು, ಅಜ್ಜ?”

ಕನ್ನಡಕ ಒರೆಸಿಕೊಂಡು ಬಗ್ಗಿದೆ. ಆ ದೋಣಿಯಲ್ಲಿ ನಾಲ್ವರಿದ್ದರು. ಚುಕ್ಕಾಣಿ ಹಿಡಿದವನ ಮುಖ ಕಡಲಿನತ್ತ. ದಡದ ಸಾಲಿಗಾಗಿ ಇಷ್ಟು ವರ್ಷ ಒಳಗೊಳಗೇ ಕಾದಾಡಿದ ನಾನು ಇವರತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

“ವಾಪಸ್ ಬರ್ತಿರಬಹುದಾ?” ಆಕೆಯ ದನಿ ತಗ್ಗಿತ್ತು.

“ಇಲ್ಲ ತಂಗಿ. ಇಂಥ ಮಳೆಗಾಳಿಯಲ್ಲೂ ಹೊರಟಿದ್ದಾರೆ.”

ಅಧಿಕಾರಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಆ ನಾಲ್ವರಿಂದ ಕಣ್ಣು ಕೀಳಲಾರದೆ ನಾನು ನಿಂತೇ ಇದ್ದೆ.