ಹುಳದಕ್ಕನ ಬಂಡೆ

ಹಲ್ಲಿನ ಡಾಕ್ಟರು ಕೆರೆಯಲ್ಲಿ ಹಿಡಿದು ತಂದ ಮೊದಲ ಮೀನಿನ ಹೊಟ್ಟೆ ಆಗಲೇ ಕೊಯ್ದಾಗಿತ್ತು.

ಅಡುಗೆಮನೆಯ ಸಿಂಕಿನಲ್ಲಿ ಹೆಂಡತಿ ಅದನ್ನು ಮಗುಚಿ ಹಾಕಿದಳು. ಹಿಂದೆ ನಿಂತಿದ್ದ ಡಾಕ್ಟರು ಗಾಳ ಎಳೆದ ಕತೆಯನ್ನು ಅರ್ಧಕ್ಕೆ ತಂದಿದ್ದರು. ಮೀನು ದೋಣಿಯನ್ನೇ ಎಳೆದುಕೊಂಡು ಹೋಗುವ ಘಟ್ಟ.

"ರೀ, ಇದು ಹೊಟ್ಟೆ ಆಪರೇಷನ್ ಮಾಡಿಸ್ಕೊಂಡು ಈಜ್ತಾ ಇತ್ತಾ?"

"ಅದಾ... ದಡದಲ್ಲೇ ಕ್ಲೀನ್ ಮಾಡಿಸ್ಬಿಟ್ಟೆ."

ಹೆಂಡತಿ ಕಿವಿರಿನೊಳಗೆ ಬೆರಳು ಹಾಕಿ ಹೆಬ್ಬೆಟ್ಟು ಗಾತ್ರದ ಐಸಿನ ತುಂಡೊಂದನ್ನು ತೆಗೆದು ಅವರ ಅಂಗೈ ಮೇಲಿಟ್ಟಳು. "ಕೆರೆ ನೀರು ತುಂಬಾ ತಣ್ಣಗಿತ್ತು ಅನ್ಸುತ್ತೆ."

ಡಾಕ್ಟರು ಇಂಗು ತಿಂದ ಮಂಗನಂತಾದರು. ಐಸು ಕರಗಿ ಮೊಣಕೈವರೆಗೆ ಇಳಿಯುವಷ್ಟು ಹೊತ್ತಿನಲ್ಲಿ ತೀರ್ಪು ಬಂತು. ಹೆಂಡತಿಗೆ ಹೊಲಿಗೆ ತರಗತಿ ಶುರುಮಾಡಬೇಕು. ನಾಲ್ಕು ಮಿಷನ್ನುಗಳಿಗೆ ಹೇಳಿಯಾಗಿದೆ, ತಿಂಗಳ ಕೊನೆಗೆ ಬರುತ್ತವೆ. ಅವನ್ನಿಡಲು ಮನೆಯಲ್ಲಿರುವ ಒಂದೇ ಜಾಗ ಕಾರ್ ಶೆಡ್ಡು. ಅಲ್ಲಿ ಒಂದು ವರ್ಷದಿಂದ ಕಾರೂ ಇಲ್ಲ, ದೋಣಿ ಮಲಗಿದೆ.

"ನಾಲ್ಕು ವಾರ ಕೊಡ್ತೀನಿ," ಎಂದಳು. "ಕೆರೆಯಿಂದ ಒಂದೇ ಒಂದು ಮೀನು. ಹೊಟ್ಟೆ ಇರ್ಬೇಕು, ಬಾಯಿ ಆಡಿಸ್ತಾ ಇರ್ಬೇಕು. ತಂದ್ರೆ ದೋಣಿ ಇಲ್ಲೇ ಇರ್ಲಿ, ನಾನು ತುಟಿ ಪಿಟಕ್ಕನ್ನದೆ ವರಾಂಡದಲ್ಲಿ ಮುದುರ್ಕೋತೀನಿ. ತರ್ಲಿಲ್ವಾ, ದೋಣಿ ಮಾರಿ."

ಬುದ್ಧಿ ನೆಟ್ಟಗಿರುವ ಯಾವನೇ ಆದರೂ ಮಾರನೆಯ ದಿನವೇ ಮೀನು ಹಿಡಿಯಲು ಗೊತ್ತಿರುವ ಒಬ್ಬರ ಹತ್ತಿರ ಹೋಗಿ ಕೂರುತ್ತಿದ್ದ. ಆದರೆ ಡಾಕ್ಟರು ಓದಿದವರು. ನಮ್ಮಂಥ ಓದಿದವರಿಗೆ ಕೈಯಲ್ಲಾಗದ ಕೆಲಸ ಎದುರಾದಾಗ, ತಪ್ಪು ಕೈಯದು ಅಂತ ಹೊಳೆಯುವುದಿಲ್ಲ. ಸಾಮಾನು ಸಾಲದು ಅಂತ ಹೊಳೆಯುತ್ತದೆ. ಅವರ ದೋಣಿಯಲ್ಲಿ ಫಿಶ್ ಫೈಂಡರ್ ಇತ್ತು. ಅದು ದೋಣಿಯ ಅಡಿಗೆ ಸದ್ದು ಕಳಿಸಿ, ಎಷ್ಟು ಆಳವಿದೆ, ನಡುವೆ ಏನು ಈಜುತ್ತಿದೆ ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ಆದರೆ ಮೀನು ಇರುವಲ್ಲಿಗೆ ಹೋಗುವುದಾದರೂ ಹೇಗೆ? ಅದಕ್ಕೆ ಕೆರೆಯ ತಳದ ಏರುತಗ್ಗುಗಳೆಲ್ಲ ತುಂಬಿದ ಮ್ಯಾಪ್ ಕಾರ್ಡ್ ಬೇಕು. ಉಗುರಿನಷ್ಟು ಕಾರ್ಡು, ಯಂತ್ರದ ಪಕ್ಕೆಗೆ ತುರುಕಿದರೆ ಕೆರೆಯ ಹೊಟ್ಟೆಯೊಳಗಿನದೆಲ್ಲ ಪರದೆಗೆ ಬರುತ್ತದೆ. ಒಂದು ವರ್ಷ ಬರಿಗೈಲಿ ಬಂದದ್ದಕ್ಕೆ ಕಾರಣ ಇಷ್ಟೇ ಎಂದು ಗೊತ್ತಾದಾಗ ಡಾಕ್ಟರಿಗೆ ಎಷ್ಟು ಸಮಾಧಾನವಾಯಿತೆಂದರೆ, ಆ ದಿನ ಒಂದು ಹಲ್ಲನ್ನು ನಗುನಗುತ್ತಾ ಕಿತ್ತರು.

ಕಾರ್ಡು ಸಿಗುವುದು ದೋಣಿಕಟ್ಟೆಯ ಹುಳದಕ್ಕನ ಅಂಗಡಿಯಲ್ಲಿ.

ಅಂಗಡಿ ಎಂದರೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ತಗಡಿನ ಗೂಡು. ಒಳಗೆ ಗಾಳ, ದಾರ, ಸೀಸದ ಗುಂಡು, ಬ್ಯಾಟರಿ. ಮೂಲೆಯಲ್ಲಿ ಒದ್ದೆ ಮರದಪುಡಿ ತುಂಬಿದ ಡಬ್ಬಗಳಲ್ಲಿ ಎರೆಹುಳ. ಹುಳ ಮಾರುವುದರಿಂದಲೇ ಆಕೆ ಹುಳದಕ್ಕ. ನಿಜವಾದ ಹೆಸರು ಗೊತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಅರವತ್ತು ದಾಟಿದೆ; ಕನ್ನಡಕದ ಮುರಿದ ಕಡ್ಡಿಯನ್ನು ಗಾಳದ ದಾರದಿಂದ ಬಿಗಿದಿದ್ದಾಳೆ; ಹುಟ್ಟು ಹಾಕಿ ಹಾಕಿ ಎಡಗೈಗಿಂತ ಬಲಗೈ ದಪ್ಪ. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಈ ದಡಕ್ಕೆ ಬಂದಳು. ಗಂಡ ನೀರಿನ ಇಲಾಖೆಯಲ್ಲಿ ಕೆರೆಯ ಆಳ ಅಳೆಯುವವನು. ಪ್ರತಿ ಬೇಸಿಗೆ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಗೇಣು ಗೇಣಾಗಿ ಇಳಿಬಿಟ್ಟು, ತಳ ಮುಟ್ಟಿದ ಕೂಡಲೇ ಅಡಿ ಲೆಕ್ಕ ಕೂಗುವುದು ಅವನ ಕೆಲಸ. ದೋಣಿ ನಡೆಸಲು ಬೇರೆ ಆಳು ಸಿಗಲಿಲ್ಲವೆಂದು ಹೆಂಡತಿಯನ್ನು ಕೂರಿಸಿಕೊಂಡ. ಅವನ ಅಕ್ಷರ ಮೇಲಧಿಕಾರಿಗೆ ಓದಲು ಬರಲಿಲ್ಲವೆಂದು ಆಳದ ಲೆಕ್ಕ ಬರೆಯುವ ಪುಸ್ತಕವೂ ಅವಳ ಮಡಿಲಿಗೇ ಬಂತು. ಹೀಗೆ ಇಪ್ಪತ್ತಾರು ಬೇಸಿಗೆ ಹುಟ್ಟು ಹಾಕಿ, ಅಂಕಿ ಬರೆದು, ಮನೆಗೆ ಹೋಗಿ ಅಡುಗೆಯನ್ನೂ ಮಾಡಿದಳು. ಸಂಬಳ ಗಂಡನಿಗೆ ಬರುತ್ತಿತ್ತು. ಗಂಡ ಹೋದ ಮೇಲೆ ಇಲಾಖೆ ಒಂದು ಹಾರ ಕಳಿಸಿತು. ಅಕ್ಕ ಅಂಗಡಿ ಹಾಕಿದಳು.

ಮೊದಲ ಭಾನುವಾರ ಡಾಕ್ಟರು ಆ ಗೂಡಿನ ಮುಂದೆ ನಿಂತಾಗ ಅಕ್ಕ ಗಾಜಿನ ಪೆಟ್ಟಿಗೆಯಿಂದ ಎರಡು ಕಾರ್ಡು ತೆಗೆದಿಟ್ಟಳು. ಒಂದು ಕೆಂಪು, ಒಂದು ನೀಲಿ. ಎರಡು ಬೇರೆ ಬೇರೆ ಕಂಪನಿ.

"ಯಾವುದು ಒಳ್ಳೇದು ಅಕ್ಕ?"

"ಕೆಂಪು ತಗೊಂಡೋರು ಕೆಂಪು ಅಂತಾರೆ."

"ನೀಲಿ ತಗೊಂಡೋರು?"

"ಅವ್ರಿಗೂ ಬಾಯಿ ಇದೆಯಲ್ಲ ಡಾಕ್ಟ್ರೇ."

ಪಕ್ಕದಲ್ಲೇ ಕ್ಯಾಪ್ಟನ್ ಇದ್ದರು. ಸಿಮೆಂಟಿನ ವ್ಯಾಪಾರಿ, ಬಿಳಿ ಟೋಪಿ ಹಾಕಿಕೊಂಡಿದ್ದರಿಂದ ಕ್ಯಾಪ್ಟನ್. "ಕಣ್ಮುಚ್ಕೊಂಡು ಕೆಂಪು ತಗೊಳ್ರೀ. ಅಡಿಗೊಂದು ಆಳದ ಗೆರೆ ಇದೆ. ನೀಲಿಯಲ್ಲಿ ಮೂರಡಿಗೊಂದು. ಆ ಎರಡು ಗೆರೆ ಮಧ್ಯೆ ಮೀನು ಕೂತಿದ್ರೆ ಏನ್ ಮಾಡ್ತೀರಿ?"

ಎರಡು ಗೆರೆ ಮಧ್ಯೆ ಮೀನು ಕೂರಬಹುದೆಂದು ಡಾಕ್ಟರು ಯೋಚಿಸಿಯೇ ಇರಲಿಲ್ಲ. ಕಾರ್ಡು ಕೊಳ್ಳದೆ ಮನೆಗೆ ಬಂದರು.

ಆ ವಾರವೆಲ್ಲ ಓದಿದರು. ರೋಗಿಗಳು ಬಾಯಿ ತೆರೆದುಕೊಂಡು ಕಾಯುತ್ತಿರುವಾಗ ಫೋನಿನಲ್ಲಿ ಓದಿದರು. ಕೆಂಪಿನಲ್ಲಿ ನಾಲ್ಕು ಸಾವಿರ ಕೆರೆಗಳಿದ್ದವು. ನೀಲಿಯಲ್ಲಿ ಹದಿನೇಳು ಸಾವಿರ. ಡಾಕ್ಟರು ಹೋಗುವುದು ಒಂದೇ ಕೆರೆಗೆ, ಅದೂ ಭಾನುವಾರ, ಮೋಡವಿಲ್ಲದಿದ್ದರೆ. ಆದರೂ ಹದಿಮೂರು ಸಾವಿರ ಕೆರೆ ಕೈತಪ್ಪುತ್ತವಲ್ಲ ಎಂದು ಹೊಟ್ಟೆಯುರಿಯಿತು. ನೀಲಿಯಲ್ಲಿ ಅಪಾಯದ ಜಾಗ ಕೆಂಪಗೆ ಮಿನುಗುತ್ತದಂತೆ, ಯಂತ್ರ ಕಿರುಚುತ್ತದಂತೆ. ಕೆಂಪಿನಲ್ಲಿ ಬರೀ ಚುಕ್ಕೆಯಂತೆ. ಒಂದು ಕಾಗದದ ಮಧ್ಯೆ ಗೆರೆ ಎಳೆದು ಎಡಕ್ಕೆ ಕೆಂಪಿನ ಗುಣ, ಬಲಕ್ಕೆ ನೀಲಿಯ ಗುಣ ಬರೆದರು. ತಮ್ಮ ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ವಿಚಾರಿಸಿರಲಿಲ್ಲ. ಹೆಂಡತಿ ಆ ಕಾಗದ ನೋಡಿ ಅದನ್ನೇ ಅಂದಳು.

ಎರಡನೆಯ ಭಾನುವಾರವೂ ಗೂಡಿನ ಮುಂದೆ ಒಂದೂವರೆ ಗಂಟೆ. ಅಕ್ಕ ಅಷ್ಟರಲ್ಲಿ ಹನ್ನೊಂದು ಜನಕ್ಕೆ ಹುಳ ಕೊಟ್ಟಳು. ಹುಳ ಕೊಳ್ಳುವವರ ಮಾತು ಮೂರೇ: ಎಷ್ಟು, ಕೊಡಿ, ಬರ್ತೀನಿ. ಕಾರ್ಡಿನವರ ಮಾತು ಮುಗಿಯುತ್ತಲೇ ಇರಲಿಲ್ಲ. "ಅಕ್ಕ, ಇದನ್ನ ವರ್ಷ ವರ್ಷ ಹೊಸದು ಮಾಡ್ತಾರಾ?" "ಪೆಟ್ಟಿಗೆ ಹೊಸದು ಬರುತ್ತೆ." "ಎರಡನ್ನೂ ತಗೊಂಡ್ರೆ?" "ನಿಮ್ಮ ಮಿಷನ್ನಿಗೆ ಎಷ್ಟು ಬಾಯಿ?" "ಒಂದು." ಅಕ್ಕ ಮುಂದಿನವನಿಗೆ ಹುಳ ಎಣಿಸಿದಳು. ಮೂರನೆಯ ಭಾನುವಾರ ಡಾಕ್ಟರು ನೀಲಿ ಕೊಂಡರು. ಗೂಡು ದಾಟಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಕೆಂಪಿಗೆ ಬದಲಾಯಿಸಿಕೊಂಡರು. ಸಂಜೆ ಮತ್ತೆ ನೀಲಿ. ಅಕ್ಕ ಮೂರು ಸಲವೂ ಒಂದೇ ಮುಖದಲ್ಲಿ ಕೊಟ್ಟಳು, ಒಂದೇ ಮುಖದಲ್ಲಿ ತೆಗೆದುಕೊಂಡಳು. ಇಷ್ಟೂ ದಿನ ದೋಣಿ ಶೆಡ್ಡಿನಲ್ಲೇ ಇತ್ತು. ಕಾರ್ಡಿಲ್ಲದೆ ನೀರಿಗಿಳಿಯುವುದು ಕುರುಡುತನ ಎಂದು ಈಗ ಅವರಿಗೆ ಅರಿವಾಗಿತ್ತಷ್ಟೇ.

ಉಳಿದದ್ದು ಕೊನೆಯ ಭಾನುವಾರ. ಬೆಳಗ್ಗೆ ಐದಕ್ಕೆ ದೋಣಿ ನೀರಿಗೆ ಬಿತ್ತು. ಪರದೆ ಎರಡು ಭಾಗವಾಗಿ ಹೊತ್ತಿಕೊಂಡಿತು. ಬಲಕ್ಕೆ ಕಾರ್ಡಿನ ನಕ್ಷೆ, ನೀಲಿಯಲ್ಲೇ ಗಾಢ ನೀಲಿ, ತಿಳಿ ನೀಲಿ. ನೋಡಿದರೆ ಕಣ್ಣಿಗೆ ಹಬ್ಬ. ಎಡಕ್ಕೆ ಫೈಂಡರು ಆ ಕ್ಷಣ ಅಳೆದು ಹೇಳುವ ಆಳ. ಡಾಕ್ಟರು ಕೊಂಡಿದ್ದು ಬಲಗಡೆಯದು. ಅವರ ಕಣ್ಣೂ ಅಲ್ಲೇ.

ಕೆರೆಯ ಪೂರ್ವಕ್ಕೆ, ಜೊಂಡು ಮುಗಿಯುವಲ್ಲಿ, ಪರದೆ ಕೆಂಪಗೆ ಮಿನುಗಿ ಯಂತ್ರ ಕಿರುಚಿತು: ಬಂಡೆ, ನೀರಿನಿಂದ ಒಂದು ಅಡಿ ಕೆಳಗೆ, ಎಚ್ಚರ. ಡಾಕ್ಟರು ಬೆವರಿ ಮೋಟರು ತಿರುಗಿಸಿದರು. ಮನಸ್ಸಿನಲ್ಲೇ ಕಾರ್ಡಿಗೆ ಕೈಮುಗಿದರು. ಇದಿಲ್ಲದಿದ್ದರೆ ಮೋಟರಿನ ರೆಕ್ಕೆ ಪುಡಿಪುಡಿ!

ಆಮೇಲೆ ತಲೆಯೆತ್ತಿ ನೋಡಿದರೆ, ಸರಿಯಾಗಿ ಆ ಬಂಡೆಯ ಮೇಲೆ ಹುಳದಕ್ಕ ಕೂತಿದ್ದಳು.

ಬಂಡೆಯ ಮೇಲೆ ಎಂದರೆ, ಬಂಡೆ ಇರಬೇಕಾದ ಜಾಗದಲ್ಲಿ ತನ್ನ ಹಳೆಯ ಚಪ್ಪಟೆ ದೋಣಿ ನಿಲ್ಲಿಸಿಕೊಂಡು, ಗಾಳ ಬಿಟ್ಟು. ಡಾಕ್ಟರು ನೋಡುತ್ತಿದ್ದಂತೆಯೇ ದಾರ ಬಿಗಿಯಿತು, ಅಕ್ಕ ಎದ್ದಳು, ಮೊಣಕೈಯುದ್ದದ ಮೀನೊಂದು ಹೊರಳಾಡುತ್ತಾ ದೋಣಿಗೆ ಬಿತ್ತು.

"ಅಕ್ಕಾ! ಬಂಡೆ ಇದೆ! ಹುಷಾರು!" ಡಾಕ್ಟರು ಕೂಗಿದರು.

ಅಕ್ಕ ಕೈಯೆತ್ತಿದಳು. ಕೃತಜ್ಞತೆಗೋ ತೊಲಗು ಎನ್ನುವುದಕ್ಕೋ ದೂರದಿಂದ ತಿಳಿಯುವಂತಿರಲಿಲ್ಲ.

ಡಾಕ್ಟರು ತರ್ಕ ಹೂಡಿದರು. ಅಕ್ಕನದು ಚಪ್ಪಟೆ ದೋಣಿ, ಅರ್ಧ ಅಡಿ ನೀರಿದ್ದರೂ ತೇಲುತ್ತದೆ. ಬಂಡೆಯ ಸುತ್ತ ಮೀನು ಸೇರುವುದು ಸಹಜ. ತಮ್ಮ ದೋಣಿಗೆ ಮೋಟರಿದೆ. ಆದ್ದರಿಂದ ನೂರು ಗಜ ದೂರದಲ್ಲಿ ಸುತ್ತುತ್ತಾ ಹಿಡಿಯುವುದು ಜಾಣತನ. ಸುತ್ತಿದರು. ಒಮ್ಮೆ ಗಾಳಿಗೆ ದೋಣಿ ಒಳಕ್ಕೆ ಜಾರಿತು. ಬಲಗಡೆಯ ಪರದೆ ಒಂದು ಅಡಿ ಎಂದು ಕಿರುಚುತ್ತಿದ್ದರೆ, ಎಡಗಡೆಯದು ಇಪ್ಪತ್ತೆರಡು ಅಡಿ ಎಂದು ತೋರಿಸುತ್ತಾ, ಅದರ ನಡುವೆ ದಪ್ಪ ದಪ್ಪ ಮೀನಿನ ಗುರುತು ಸಾಲು ಹಾಕಿತ್ತು. ಡಾಕ್ಟರು ಎರಡನ್ನೂ ನೋಡಿದರು. ಮೂರು ವಾರ ತಲೆಕೆಡಿಸಿಕೊಂಡು ಆರಿಸಿದ ಕಾರ್ಡು ಸುಳ್ಳು ಹೇಳುತ್ತದೆಯೇ? ಫೈಂಡರು ಕೆಟ್ಟಿದೆ ಎಂದು ತೀರ್ಮಾನಿಸಿ ಮೋಟರು ಹಿಂದಕ್ಕೆ ಹಾಕಿದರು. ಏಳು ಗಂಟೆ ಹೊತ್ತು ಇಲ್ಲದ ಬಂಡೆಗೆ ಪ್ರದಕ್ಷಿಣೆ ಬಂದರು. ಅಕ್ಕ ಒಂಬತ್ತು ಮೀನು ಹಿಡಿದು, ಬಿಸಿಲೇರಿತೆಂದು ಹುಟ್ಟು ಹಾಕಿಕೊಂಡು ಅಂಗಡಿ ತೆರೆಯಲು ಹೋದಳು. ಅವಳು ಹೋದ ಮೇಲೂ ಡಾಕ್ಟರು ಸುತ್ತಿದರು.

ಮಧ್ಯಾಹ್ನ ಹೆಂಡತಿ ದೋಣಿಕಟ್ಟೆಗೇ ಬಂದಿದ್ದಳು. ಮೀನಿನ ಬುಟ್ಟಿಯೊಳಕ್ಕೆ ಬಗ್ಗಿ ನೋಡಿದಳು. ಒಳಗೆ ಕಾರ್ಡಿನ ಪೆಟ್ಟಿಗೆ ಮಾತ್ರ ಇತ್ತು.

"ಇದ್ರ ಹೊಟ್ಟೆ ಕೊಯ್ಸಿಲ್ಲ, ಒಪ್ಕೋತೀನಿ," ಎಂದಳು. ಬುಧವಾರ ಶೆಡ್ಡಿನಲ್ಲಿ ನಾಲ್ಕು ಮಿಷನ್ನು ಟಕಟಕ ಎನ್ನುತ್ತಿದ್ದವು, ದೋಣಿ ಬೀದಿಯಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು, ಡಾಕ್ಟರು 'ದೋಣಿ ಮಾರಾಟಕ್ಕಿದೆ' ಎಂದು ದುಂಡಗೆ ಬರೆದ ಕಾಗದ ಹಿಡಿದು ಹುಳದಕ್ಕನ ಗೂಡಿಗೆ ಬಂದರು.

"ಗೋಡೆಗೆ ಅಂಟಿಸ್ಲಾ ಅಕ್ಕ?"

"ಕೊಡಿ, ಅಂಟಿಸ್ತೀನಿ."

"ಏಳು ಗಂಟೆ ಆ ಬಂಡೆ ಸುತ್ತ ತಿರುಗ್ದೆ. ಒಂದು ಮೀನೂ ಕಚ್ಚಲಿಲ್ಲ."

ಅಕ್ಕ ಕನ್ನಡಕದ ಮೇಲಿಂದ ಕಾಗದ ನೋಡಿದಳು. 'ಮಾರಾಟ' ಎಂಬ ಪದವನ್ನು ಎರಡು ಸಲ ಓದಿದಂತಿತ್ತು. ದೋಣಿ ಖಂಡಿತ ಹೋಗುತ್ತದೆ ಎಂದು ಖಾತ್ರಿಯಾದ ಮೇಲೆ ಹೇಳಿದಳು: "ಅಲ್ಲಿ ಬಂಡೆ ಇಲ್ಲ."

"ಏನು?"

"ಇಪ್ಪತ್ತೆರಡು ಅಡಿ ಗುಂಡಿ ಅದು. ನಾವು ಮನೆಗೆ ಮೀನು ಹಿಡೀತಿದ್ದ ಜಾಗ. ಆಳದ ಜಾಗ ಅಂತ ಪುಸ್ತಕದಲ್ಲಿ ಬರೆದ್ರೆ, ಆಫೀಸಿನೋರೆಲ್ಲ ಅದನ್ನ ನೋಡ್ಕೊಂಡು ಮುಂದಿನ ವಾರನೇ ಗಾಳ ಹಿಡ್ಕೊಂಡು ಬಂದು ಕೂರೋರು. ಎರಡು ಗುಂಡಿ ಹಾಗೇ ಹೋಯ್ತು. ಮೂರನೇದಕ್ಕೆ ನಮ್ಮನೆಯೋರು, ಬಂಡೆ ಅಂತ ಬರಿಯೇ ಅಂದ್ರು. ಬರೆದೆ. ಎಚ್ಚರ ಅನ್ನೋದು ಮಾತ್ರ ನಾನೇ ಸೇರಿಸಿದ್ದು."

"ಕಾರ್ಡಿನಲ್ಲಿ ಹೇಗೆ ಬಂತು? ಅವ್ರು ಯಂತ್ರದಲ್ಲಿ ಅಳೀತಾರಲ್ಲ!"

"ಕೆಂಪು ಕಂಪನಿಯೋನು ಬಂದಿದ್ದ. ಮೊದಲ್ನೇ ದಿನ ಗಾಳಿ. ಎರಡನೇ ದಿನ ಜೊಂಡು ಮೋಟರಿಗೆ ಸುತ್ಕೊಳ್ತು. ಮೂರನೇ ದಿನ ನನ್ನ ಪುಸ್ತಕ ಕೇಳ್ದ, ಕೊಟ್ಟೆ. ಕಣ್ಣಿಗೊತ್ಕೊಂಡು ಹೋದ."

"ನೀಲಿಯೋರು?"

"ಅವ್ರು ಇಲ್ಲಿಗೆ ಬಂದೇ ಇಲ್ಲ. ಆದ್ರೂ ಅವ್ರ ಕಾರ್ಡಲ್ಲೂ ಎಚ್ಚರ ಇದೆ ನೋಡಿ."

ಡಾಕ್ಟರು ಗೂಡಿನ ತಗಡಿಗೆ ಒರಗಿದರು. ಇಪ್ಪತ್ತೆರಡು ಅಡಿ. ಫೈಂಡರು ಬಡಪಾಯಿ ನಿಜವನ್ನೇ ಹೇಳಿತ್ತು. ಶೆಡ್ಡು ಹೋಯಿತು, ದೋಣಿ ಹೋಯಿತು, ಹೆಂಡತಿಯ ಮುಂದೆ ಉಳಿದಿದ್ದ ಚೂರುಪಾರು ಮರ್ಯಾದೆಯೂ ಹೋಯಿತು. ಇಷ್ಟಕ್ಕೂ ಕಾರಣ ಈ ಹೆಂಗಸಿನ ಕೈಬರಹ.

"ಅಲ್ಲ ಅಕ್ಕ," ಎಂದರು ಡಾಕ್ಟರು. "ಮೂರು ವಾರ ನಿಮ್ಮ ಮುಂದೆನೇ ನಿಂತಿದ್ನಲ್ಲ! ಒಂದು ಮೀನಿಗಾಗಿ ಒದ್ದಾಡ್ತಿದ್ದೆ ಅಂತ ಊರಿಗೇ ಗೊತ್ತಿತ್ತು. ಒಂದೇ ಒಂದು ಮಾತು ಯಾಕೆ ಹೇಳ್ಲಿಲ್ಲ?"

ಅಕ್ಕ ಅಂಟುಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಕಾಗದದ ನಾಲ್ಕನೆಯ ಮೂಲೆಗೆ ಹಚ್ಚಿ, ಹೆಬ್ಬೆಟ್ಟಿನಿಂದ ಒತ್ತಿದಳು.

"ನೀವು ಕೇಳಿದ್ದು ಕಾರ್ಡು ಡಾಕ್ಟ್ರೇ, ಮೀನಲ್ಲ."