ಸುತ್ತಿಗೆ ಬಚ್ಚಿಡುವ ಬಡಗಿ

ಬೆಳಕು ಹರಿಯುವ ಮೊದಲೇ ಏಳುವ ಭಂಕೂರಿನ ಜಯಮಾಲಾ ದಿನದ ಮೊದಲ ಕೆಲಸವಾಗಿ ಮನೆಯ ಸುತ್ತಿಗೆ ಬಚ್ಚಿಡುತ್ತಾರೆ. ಇವತ್ತು ಅದು ಜೋಳದ ಚೀಲ ಸೇರಿದೆ. ಆಮೇಲೆ ಸೆರಗು ಬಿಗಿದು, ಕನ್ನಡಕ ಏರಿಸಿ, ಬಾಗಿಲ ಚೌಕಟ್ಟನ್ನು ಮೇಜಿಗೆ ಭದ್ರಪಡಿಸಿ, ಮರ ಕೆತ್ತುವ ರೂಟರ್ ಮಷೀನ್ ಹಿಡಿಯುತ್ತಾರೆ. ಅದರ ಅಲಗು, ಅಂದರೆ ಬಿಟ್, ಸರ್ರನೆ ತಿರುಗಿ ಸಾಗವಾನಿಯಲ್ಲಿ ಬಳ್ಳಿ ಮೂಡುತ್ತದೆ.

ಸುತ್ತಿಗೆ ಬಚ್ಚಿಡುವುದು ಕಳ್ಳರಿಗೆ ಹೆದರಿ ಅಲ್ಲ, ಅಪ್ಪನಿಗೆ ಹೆದರಿ. ಅಪ್ಪ ಭಗವಂತ ಆಯುಷ್ಯವಿಡೀ ಶಹಾಬಾದಿನ ಖಣಿಗಳಲ್ಲಿ ಕಲ್ಲು ಒಡೆದವರು. ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಇದ್ದಾರೆ. ಸುತ್ತಿಗೆಗೆ ಬಗ್ಗದ ಸಮಸ್ಯೆ ಲೋಕದಲ್ಲಿದೆ ಎಂದು ಅವರು ಇವತ್ತಿಗೂ ಒಪ್ಪಿಲ್ಲ. ಮಿಕ್ಸರ್ ನಿಂತರೂ ಏಟು, ಟಿ.ವಿ. ಮಸುಕಾದರೂ ಏಟು. ಜಯಮಾಲಾರ ಮೊದಲ ರೂಟರಿನಲ್ಲಿ ಬಿಟ್ ಸಿಕ್ಕಿಕೊಂಡಾಗಲೂ ಅದೇ ಔಷಧಿ ಕೊಟ್ಟರು. ಮಷೀನ್ ಗುಜರಿಗೆ ಹೋಯಿತು. ಈಗಿನದು ಎರಡನೆಯದು.

"ಭಾಳ ದಿನ ಕೈ ಕಟ್ಟಿ ಕುಂತಿದ್ದೆರಿ. ಇದೂ ಕೆಟ್ರ ನನ್ನ ಕೆಲಸ ಮುಗೀತು" ಎನ್ನುತ್ತಾರೆ ಜಯಮಾಲಾ. ಚಿತ್ತಾಪುರದ ಅಮೀರ್ ಅಲಿ ಅವರ ಬಡಗಿ ಅಂಗಡಿಯಲ್ಲಿ ಹೊಟ್ಟು ಗುಡಿಸುತ್ತಲೇ ಈ ವಿದ್ಯೆ ಕಲಿತವರು ಇವರು.

ಇವತ್ತು ಮಧ್ಯಾಹ್ನ ಪಕ್ಕದ ಓಣಿಯ ಆಶಾಬಿ ಅವರ ಹೊಸ ಮನೆಗೆ ಈ ಚೌಕಟ್ಟು ಕೂರಬೇಕು. ಅಂಚಿನ ಗೆರೆಗೆ ಬೇರೆ ಬಿಟ್ ಹಾಕಬೇಕು. ಹಳೆಯದು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿಲ್ಲ. ನಿನ್ನೆ ಸಂಜೆ ಮಗಳು ನೀರಿಗೆ ಹೋದಾಗ ಅಪ್ಪ ಅದನ್ನು ತಳಮುಟ್ಟ ತುರುಕಿ, ಕಲ್ಲು ಒಡೆದ ಕೈಯಿಂದ ಬಿಗಿದಿದ್ದಾರಂತೆ.

"ಸಡಲ ಇದ್ರ ಹಾರ್ತದಂತ ನೀನೇ ಅಂದಿದ್ದಿ. ಅದಕ್ಕ ಭದ್ರ ಮಾಡೀನಿ" ಎಂದು ಭಗವಂತ ಸುತ್ತಲೂ ಕಣ್ಣಾಡಿಸುತ್ತಾರೆ. "ಸುತ್ತಿಗಿ ಎಲ್ಲದ?"

ಜಯಮಾಲಾ ಪ್ಲಗ್ ಕಿತ್ತು ಸೊಂಟಕ್ಕೆ ಸಿಕ್ಕಿಸುತ್ತಾರೆ. "ಬಟನ್ ನಂಬಿ ಬೆರಳು ಇಡಬಾರ್ದರಿ" ಎಂದು, ಅವರ ಕೆಲಸ ನೋಡಲು ಬಂದ ನನಗೆ ಹೇಳಿ, ಬಿಟ್‌ನ ಬಿಸಿ ಆರುವ ತನಕ ಕಾದು ನಟ್ ತಿರುವಲು ಎರಡು ಪಾನಾ ಹಾಕುತ್ತಾರೆ. ನಟ್ ಸಡಿಲವಾಗುತ್ತದೆ, ಬಿಟ್ ಅಲ್ಲಾಡುವುದಿಲ್ಲ.

"ಸಡಲಾತಲ್ಲ, ಈಗ ಒಂದ್ ಕೊಡು!"

"ತಡಿಯಪ್ಪಾ. ಒಮ್ಮೆ ಸಡಲಾಗಿ ಮತ್ತ ಬಿಗೀತದ. ಇನ್ನೊಮ್ಮೆ ತಿರುವಿದ್ರ ಬಿಡ್ತದ. ಥೇಟ್ ನಿನ್ನಂಗ!"

ಟಕ್! ಬಿಟ್ ಕೈಗೆ ಬರುತ್ತದೆ. ಬಿಟ್ ಕಚ್ಚುವ ಜಾಗದಲ್ಲಿ ಪಕ್ಕದ ಪಾಲಿಶ್ ಶೆಡ್ಡಿನ ಕಲ್ಲುಧೂಳು. ಅದನ್ನು ಬ್ರಷ್‌ನಿಂದ ತೆಗೆದು, ಹೊಸ ಬಿಟ್ ತಳಕ್ಕೆ ಇಳಿಸಿ, ಜೋಳದ ಕಾಳಿನಷ್ಟು ಮೇಲೆಳೆದು ಹದವಾಗಿ ಬಿಗಿಯುತ್ತಾರೆ.

"ನಾ ಮುಟ್ಟಿದ್ದೆಲ್ಲ ಕೆಡ್ತದ ಬಿಡವ್ವಾ" ಎನ್ನುತ್ತಾರೆ ಭಗವಂತ. ಆ ಮಾತಿಗೆ ಮಗಳ ಮುಖ ಬಾಡುತ್ತದೆ.

ಮಧ್ಯಾಹ್ನ ಚೌಕಟ್ಟು ತಂದಾಗ ಅಪ್ಪನೂ ಜೊತೆಗಿದ್ದಾರೆ. ಆಶಾಬಿ ಅವರ ಗೋಡೆಯಲ್ಲಿ ಕಲ್ಲಿನ ಒಂದು ಮೂಲೆ ಮುಂದೆ ಚಾಚಿದೆ. ಚೌಕಟ್ಟು ಕೂರುತ್ತಿಲ್ಲ. "ಯಾ ಅಲ್ಲಾ, ಮಂದಿ ಬರೂ ಹೊತ್ತಾತು!" ಎಂದು ಆಶಾಬಿ ಹಣೆ ಬಡಿದುಕೊಳ್ಳುತ್ತಾರೆ. ಹೊರಡುವಾಗ ಜೋಳದೊಳಗಿಂದ ತೆಗೆದಿದ್ದ ಸುತ್ತಿಗೆಯನ್ನೂ ಉಳಿಯನ್ನೂ ಜಯಮಾಲಾ ಸಾಮಾನಿನ ಚೀಲದಿಂದ ತೆಗೆದು ಅಪ್ಪನ ಕೈಗಿಡುತ್ತಾರೆ.

"ಇದು ನನ್ನ ಕೈಲಿ ಆಗಂಗಿಲ್ಲಪ್ಪಾ. ನೀನೇ ಹೊಡಿ."

ಭಗವಂತ ನೋವಿನ ಮೊಣಕಾಲು ಊರಿ ಕೂರುತ್ತಾರೆ. ನಾಲ್ಕೇ ಏಟು, ಅವೂ ಮೆಲ್ಲಗೆ. ಮೂಲೆ ಉದುರಿ ಚೌಕಟ್ಟು ಕೂತುಬಿಡುತ್ತದೆ. "ಶಾಬಾಸ್ ಕಾಕಾ!" ಎನ್ನುತ್ತಾರೆ ಆಶಾಬಿ.

ಮನೆಗೆ ಮರಳುವಾಗ, ಇನ್ನೊಂದು ಮಷೀನ್ ಬೇಕೇ ಎಂದು ಕೇಳುತ್ತೇನೆ. "ಒಂದೇ ಸಾಕ್ರಿ. ಸುತ್ತಿಗಿ ಬಚ್ಚಿಡಾಕ ಜಾಗ ಸಿಕ್ರ ಸಾಕು" ಎಂದು ನಕ್ಕು ಜಯಮಾಲಾ ಅಪ್ಪನ ಮುಂದೆ ಕೈಚಾಚುತ್ತಾರೆ. ಭಗವಂತ ತಕರಾರಿಲ್ಲದೆ ಸುತ್ತಿಗೆ ಕೊಡುತ್ತಾರೆ.

"ಜೋಳದ ಚೀಲದಾಗ ಬ್ಯಾಡವ್ವಾ. ನೀ ಅಲ್ಲಿ ಇಡೂದು ಮುಂಜಾನೆ ನೋಡಿದ್ದೆ. ಎಲ್ಲದ ಅಂತ ಸುಮ್ಮ ಕೇಳಿದ್ದೆ, ಮುಟ್ಟಲಿಲ್ಲ ನೋಡು."