ಪೆನ್ನು ಮುಚ್ಚಿ ಕೇಳುತ್ತಿದ್ದ ಡಾಕ್ಟರಮ್ಮ

ಅರಸೀಕೆರೆಯ ಆ ಡಾಕ್ಟರಮ್ಮ ಮಾತು ಶುರು ಮಾಡುವ ಮೊದಲು ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಡುತ್ತಿದ್ದರು. "ನನಗೇನೂ ಬಸ್ಸಿಲ್ಲ, ನಿಧಾನವಾಗಿ ಹೇಳಿ" ಎನ್ನುತ್ತಿದ್ದರು. ಜಾವಗಲ್ ಬಸ್ಸಿಗೆ ಚಡಪಡಿಸುತ್ತಿದ್ದ ನನಗೆ ಆ ಮಾತಿಗೆ ಮೈ ಉರಿಯುತ್ತಿತ್ತು.

ನನ್ನ ಮೈದುನನ ಹೆಂಡತಿಗೆ ಮೂರು ತಿಂಗಳಿಗೊಮ್ಮೆ ಹಾಕುವ ಗರ್ಭ ತಡೆಯುವ ಇಂಜೆಕ್ಷನ್ ಕೊಡಿಸಲು ಒಮ್ಮೆ ಅವರ ಹತ್ತಿರ ಕರೆದೊಯ್ದಿದ್ದೆ.

"ಮುಟ್ಟಿನ ನಡುವೆ ರಕ್ತ ಹೋಗುತ್ತಾ?" ಎಂದು ಡಾಕ್ಟರು ಅವಳನ್ನು ಕೇಳಿದರು.

ನಾನೇ ಉತ್ತರಿಸಿದೆ. "ಇಲ್ಲ ಮೇಡಂ. ತಿಂಗಳಿಗೆ ಸರಿಯಾಗಿ ಮೂರು ದಿನ ಹೊರಗೆ ಕೂತ್ಕತಾಳೆ. ನಂಗೊತ್ತಿಲ್ವಾ?"

ನಮ್ಮ ಮನೆಯಲ್ಲಿ ಮುಟ್ಟಾದವರು ಜಗಲಿಯ ಚಾಪೆ ಬಿಟ್ಟು ಒಳಗೆ ಬರುವಂತಿಲ್ಲ. ಅದನ್ನು ನೋಡಿಕೊಳ್ಳುವವಳು ನಾನು.

ಡಾಕ್ಟರು ಸಿಟ್ಟಾಗಲಿಲ್ಲ. "ನೀವು ಸ್ವಲ್ಪ ಆಚೆ ಇರೀಮ್ಮ" ಎಂದರು. ಬಸ್ಸು ತಪ್ಪಿತು. ಮತ್ತೆ ಒಳಗೆ ಕರೆದಾಗ, ಅವಳನ್ನು "ಹೇಳ್ಲಾ?" ಎಂದು ಕೇಳಿ ನನ್ನತ್ತ ತಿರುಗಿದರು.

"ನಡುನಡುವೆ ರಕ್ತ ಹೋಗ್ತಿದೆ. ಯಾಕೆ ಅಂತ ಗೊತ್ತಾಗೋವರೆಗೂ ಇಂಜೆಕ್ಷನ್ ಕೊಡಲ್ಲ. ನಾಳೆನೇ ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ."

"ನಂಗ್ಯಾಕೆ ಹೇಳ್ಲಿಲ್ಲ?" ಎಂದು ಮುಂದಿನ ಬಸ್ಸಿನಲ್ಲಿ ಅವಳನ್ನು ಗದರಿದೆ.

"ಹೇಳಿದ್ರೆ ತಿಂಗಳೆಲ್ಲಾ ಹೊರಗೇ ಕೂರಿಸ್ತಿದ್ರಿ ಕಣಕ್ಕ. ಮಕ್ಳು ಯಾರ ಮಗ್ಗುಲಲ್ಲಿ ಮಲಗೋರು?"

ಹಾಸನದಲ್ಲಿ ಪರೀಕ್ಷೆ ಮಾಡುವಷ್ಟರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹರಡಿತ್ತು. ವರ್ಷ ತುಂಬುವುದರೊಳಗೆ ಅವಳು ಹೋದಳು.

ಆಮೇಲೊಮ್ಮೆ ಮಂಡಿನೋವಿಗೆಂದು ಅದೇ ಡಾಕ್ಟರ ಮುಂದೆ ಒಬ್ಬಳೇ ಕೂತೆ. ಅವರು ನನ್ನ ಮುಖ ನೋಡಿ, ಬರೆಯುತ್ತಿದ್ದ ಪೆನ್ನಿಗೆ ಕ್ಯಾಪು ಹಾಕಿದರು.

"ನನಗೇನೂ ಬಸ್ಸಿಲ್ಲ, ಹೇಳಿ."

ಅವತ್ತು ಅವಳ ಬದಲು ಅಷ್ಟು ಸಲೀಸಾಗಿ ಉತ್ತರ ಕೊಟ್ಟಿದ್ದ ನನಗೆ, ನನ್ನದೇ ಒಂದು ಮಾತು ಬಾಯಿಗೆ ಬರಲಿಲ್ಲ.